ಬೂಟ್ ಆಗ್ತಿಲ್ವಾ? ಪೆನ್‌ಡ್ರೈವ್‌ನಲ್ಲಿ ಒಂದು ಲಿನಕ್ಸ್ ಇರಲಿ

ಕಂಪ್ಯೂಟರ್ ಬೂಟ್ ಆಗದಿದ್ದರೆ ಸುಮ್ನೆ ಫಾರ್ಮ್ಯಾಟ್ ಮಾಡಬೇಡಿ. ಬೇರೆ ಕಂಪ್ಯೂಟರಿನಲ್ಲಿ ರೂಫಸ್ (ಬೂಟ್ ಆಗುವ ಪೆನ್‌ಡ್ರೈವ್ ಮಾಡುವ ಪ್ರೋಗ್ರಾಂ) ಬಳಸಿ, 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಬರೆಯಿರಿ; ಇದು ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಪೆನ್‌ಡ್ರೈವಿನಲ್ಲಿದ್ದ ಫೈಲುಗಳೆಲ್ಲ ಅಳಿಸಿಹೋಗುತ್ತವೆ, ನೆನಪಿರಲಿ. ಅದನ್ನು ಬೂಟ್ ಆಗದ ಕಂಪ್ಯೂಟರಿಗೆ ಹಾಕಿ, ಆನ್ ಮಾಡುವಾಗ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿ; ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್ ಇರುತ್ತದೆ.

ಮಿಂಟ್ ತೆರೆದುಕೊಂಡಿತಾ? ಹಾಗಾದರೆ ತೊಂದರೆ ಹೆಚ್ಚಾಗಿ ಡಿಸ್ಕಿನದ್ದು ಅಥವಾ ಬೂಟ್‌ಲೋಡರಿನದ್ದು (ಆನ್ ಆದಾಗ ವಿಂಡೋಸ್ ಅಥವಾ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ). ಮೊದಲು ಫೋಟೋ, ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಒಳಗಿನ ಡಿಸ್ಕ್ ಕಾಣಿಸುತ್ತಲೇ ಇಲ್ಲವೆಂದರೆ ಕೇಬಲ್ ನೋಡಿ. ಕಾಣಿಸಿದರೆ, ಹಾಳಾಗಿದ್ದು ಗ್ರಬ್ (ಲಿನಕ್ಸಿನ ಬೂಟ್‌ಲೋಡರ್) ಆಗಿದ್ದರೆ ಮೆನುವಿನಲ್ಲಿರುವ ಬೂಟ್ ರಿಪೇರ್ ಸಾಕು.

ಇನ್ನೊಂದು ದೊಡ್ಡ ಪೆನ್‌ಡ್ರೈವಿಗೇ ಮಿಂಟ್ ಪೂರ್ತಿ ಇನ್‌ಸ್ಟಾಲ್ ಮಾಡೋದಾದರೆ ಒಳಗಿನ ಡಿಸ್ಕ್ ಕಳಚಿಟ್ಟುಬಿಡಿ. ಇಲ್ಲದಿದ್ದರೆ ಬೂಟ್‌ಲೋಡರ್ ಅಲ್ಲಿಗೇ ಹೋಗಿ ಕೂರಬಹುದು. ನನಗೆ ಹಾಗೇ ಆಗಿ, ಪೆನ್‌ಡ್ರೈವ್ ತೆಗೆದರೆ ವಿಂಡೋಸೂ ಏಳುತ್ತಿರಲಿಲ್ಲ!