ಹಳೆಯ ಡೀಸೆಲ್ ಪಿಕಪ್‌ನಲ್ಲಿ ಇಂಧನದ ಒತ್ತಡ ಕುಸಿದಾಗ ದೋಷ ಪತ್ತೆ ಹಚ್ಚುವ ಬಗೆ

ಇನ್‌ಲೈನ್ ಪಂಪ್ (ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಸಿಲಿಂಡರ್‌ಗಳಿಗೆ ಕಳಿಸುವ ಮುಖ್ಯ ಪಂಪ್) ಇರುವ ಹಳೆಯ ಡೀಸೆಲ್ ಪಿಕಪ್ ಲೋಡು ಹೊತ್ತು ಘಾಟಿ ಹತ್ತುವಾಗ ಎಳೆತ ಕಳೆದುಕೊಂಡರೆ, ಅಥವಾ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆದರೆ, ಪಂಪ್ ಬಿಚ್ಚಿಸಿ ಎಂಬ ಸಲಹೆ ಬೇಗನೆ ಬರುತ್ತದೆ. ಬೆಂಗಳೂರಿನ ಮೈಕೊ (ಈಗಿನ ಬಾಷ್) ಕಾರ್ಖಾನೆಯ ಕಾಲದ ಆ ಪಂಪುಗಳು ಶುದ್ಧ ಡೀಸೆಲ್ ಸಿಕ್ಕರೆ ವರ್ಷಗಟ್ಟಲೆ ಬಾಳುವಂಥವು. ಆದ್ದರಿಂದ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು ಪೂರ್ತಿ ಪರೀಕ್ಷಿಸದೆ ಪಂಪಿಗೆ ಕೈ ಹಾಕಬಾರದು.

ಮೊದಲು ಸೈಲೆನ್ಸರ್‌ನ ಹೊಗೆಯನ್ನು ನೋಡಬೇಕು. ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಗಾಳಿ ಸಾಲುತ್ತಿಲ್ಲ ಎಂದು ತಿಳಿದು ಏರ್ ಫಿಲ್ಟರ್ ಕಡೆಗೆ ಗಮನ ಕೊಡಬೇಕು. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಡೀಸೆಲ್ಲಿನ ಕೊರತೆಯನ್ನೇ ಶಂಕಿಸಬೇಕು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಸ್ವಲ್ಪವೂ ಕಾಣದಿದ್ದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿಲ್ಲ ಎಂದೇ ಹೇಳಬಹುದು.

ಇನ್ನು ಪೈಪುಗಳ ವಿಚಾರ. ಟ್ಯಾಂಕಿನಿಂದ ಡೀಸೆಲ್ ಹೀರಿ ಮುಖ್ಯ ಪಂಪಿಗೆ ತಳ್ಳುವ ಚಿಕ್ಕ ಪಂಪೇ ಫೀಡ್ ಪಂಪ್. ಫೀಡ್ ಪಂಪಿನಿಂದ ಮುಂದಿನ ಭಾಗದಲ್ಲಿ ಲೀಕ್ ಇದ್ದರೆ ಡೀಸೆಲ್ ಹೊರಗೆ ಜಿನುಗುವುದರಿಂದ ಅದು ಕಣ್ಣಿಗೆ ಬೀಳುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಹಾಗಲ್ಲ. ಅಲ್ಲಿ ಡೀಸೆಲ್ಲನ್ನು ಹೀರಿಕೊಳ್ಳಲಾಗುತ್ತದೆಯಾದ್ದರಿಂದ ಸಡಿಲವಾದ ಕ್ಲಿಪ್ಪಿನಿಂದಲೋ ಬಿರುಕುಬಿಟ್ಟ ರಬ್ಬರ್ ಪೈಪಿನಿಂದಲೋ ಗಾಳಿ ಒಳನುಗ್ಗುತ್ತದೆ, ಹೊರಗೆ ಒಂದು ಹನಿಯೂ ಕಾಣದೇ ಇರಬಹುದು. ಹ್ಯಾಂಡ್ ಪ್ರೈಮರನ್ನು (ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಚಿಕ್ಕ ಪಂಪನ್ನು) ಒತ್ತಿದಾಗ ಅಂಗೈಗೆ ಸಿಗುವ ಸುಳಿವು ಇಲ್ಲಿ ಬಹಳ ಉಪಯುಕ್ತ: ಕೆಲವೇ ಒತ್ತುಗಳಲ್ಲಿ ಅದು ಗಟ್ಟಿಯಾದರೆ ದಾರಿ ಸರಿಯಿದೆ, ಎಷ್ಟು ಒತ್ತಿದರೂ ಮೆತ್ತಗೇ ಉಳಿದರೆ ಗಾಳಿ ಸೇರುತ್ತಿದೆ, ಮೇಲಕ್ಕೆಳೆಯುವಾಗ ಹಿಡಿದಂತಾದರೆ ಟ್ಯಾಂಕಿನ ಕಡೆ ಏನೋ ಕಟ್ಟಿಕೊಂಡಿದೆ. ಗಾಳಿಯ ಅನುಮಾನವಿದ್ದರೆ ಫೀಡ್ ಪಂಪಿನ ಮುಂಚೆ ಗೇಣುದ್ದದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಓಡುವಾಗ ಗುಳ್ಳೆಗಳ ಸಾಲು ಹಾದುಹೋಗುತ್ತದೆಯೇ ಎಂದು ನೋಡಬೇಕು.

ಬಳಿಕ ಟ್ಯಾಂಕನ್ನು ಬಿಟ್ಟು, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಪೈಪ್ ಕೊಟ್ಟು, ಹೆಚ್ಚಾದ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು ಎಂಜಿನ್ ಓಡಿಸಬೇಕು. ಕಷ್ಟ ತಪ್ಪಿದರೆ ದೋಷ ಟ್ಯಾಂಕಿನಲ್ಲೋ ಅದರ ಪೈಪಿನಲ್ಲೋ ಇದೆ ಎಂಬುದು ಖಚಿತ. ಟ್ಯಾಂಕಿನ ಮುಚ್ಚಳವನ್ನು ಮರೆಯಬಾರದು. ಅದರ ಗಾಳಿರಂಧ್ರ ಧೂಳಿನಿಂದ ಮುಚ್ಚಿಹೋಗಿದ್ದರೆ ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ ಸೊರಗುತ್ತದೆ, ಮುಚ್ಚಳ ತಿರುಗಿಸಿದೊಡನೆ ಗಾಳಿ ಒಳಸೇರುವ ಸದ್ದು ಕೇಳಿ ಗಾಡಿ ಮತ್ತೆ ಸರಿಯಾಗುತ್ತದೆ.

ಒತ್ತಡ ಅಳೆಯುವ ಗೇಜ್ ಇರುವವರು ಅದನ್ನು ಫಿಲ್ಟರ್ ಮತ್ತು ಪಂಪಿನ ನಡುವೆ ಟೀ ಜೋಡಣೆಯಿಂದ ಸೇರಿಸಬೇಕು. ಇಂಥ ಪಂಪುಗಳಲ್ಲಿ ಸಾಮಾನ್ಯವಾಗಿ 1 ಬಾರ್ ಆಸುಪಾಸಿನ ಒತ್ತಡವಿರುತ್ತದೆ, ಆದರೂ ಆಯಾ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಒತ್ತಡ ಕಡಿಮೆಯಿದ್ದರೆ ಐಡಲ್‌ನಲ್ಲಿ ರಿಟರ್ನ್ ರಬ್ಬರ್ ಪೈಪನ್ನು ಕ್ಷಣಕಾಲ ಹಿಸುಕಬೇಕು: ಮುಳ್ಳು ಥಟ್ಟನೆ ಏರಿದರೆ ಹೆಚ್ಚಾದ ಡೀಸೆಲ್ಲನ್ನು ರಿಟರ್ನ್ ಪೈಪಿಗೆ ಬಿಡುವ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತಿದೆ, ಏರದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಫೀಡ್ ಪಂಪ್ ದುರ್ಬಲವಾಗಿದೆ. ಹೊಸ ಫಿಲ್ಟರ್ ಹಾಕಿ ಮತ್ತೆ ಅಳೆದರೆ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಬಿಚ್ಚಿದ ಪ್ರತಿ ಬ್ಯಾಂಜೊ ಬೋಲ್ಟಿಗೂ (ಪೈಪಿನ ತುದಿಯನ್ನು ಜೋಡಿಸುವ ಟೊಳ್ಳು ಬೋಲ್ಟಿಗೂ) ಹೊಸ ತಾಮ್ರದ ವಾಷರ್ ಹಾಕಿ, ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿಯ ಡೀಸೆಲ್ ಬರುವವರೆಗೆ ಏರ್ ತೆಗೆಯಬೇಕು. ಪಂಪಿನಿಂದ, ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗೆ ಹೋಗುವ ಉಕ್ಕಿನ ಪೈಪುಗಳ ಲೀಕನ್ನು ಮಾತ್ರ ಎಂಜಿನ್ ಓಡುವಾಗ ಎಂದಿಗೂ ಬೆರಳಿನಿಂದ ಹುಡುಕಬಾರದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ, ಹಾಗೇನಾದರೂ ಆದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಷ್ಟೆಲ್ಲ ಸರಿಯಿದ್ದು, ಗೇಜಿನ ಮುಳ್ಳು ಲೋಡಿನಲ್ಲೂ ಕದಲದೆ ನಿಂತು, ಎಳೆತ ಮಾತ್ರ ಬರದಿದ್ದರೆ ಆಗ ನಾಝಲ್‌ಗಳನ್ನೂ ಪಂಪನ್ನೂ ಬಿಚ್ಚಿ ಪಂಪ್ ರಿಪೇರಿ ಮಾಡುವ ಪಂಪ್ ರೂಮಿಗೆ ಕಳಿಸಬಹುದು.