ಕೆಂಪು ಕೋಟಿನ 24 ಮಂದಿ

ಟೇಬಲ್ಲಿನ ಮೇಲೆ ಯುದ್ಧ ಆಡಲು ಪ್ಲಾಸ್ಟಿಕ್ ಕಾಲಾಳುಗಳ ಸೈನ್ಯ ಕಟ್ಟುವ ಆಸೆ ಇದ್ದರೆ ಮೊದಲು 24 ಜನರಿಗೆ ಬಣ್ಣ ಬಳಿದು ಮುಗಿಸಿ. ಆಟದಲ್ಲಿ ಅದೇ ಒಂದು ಬಟಾಲಿಯನ್, ಅಷ್ಟೇ. ನಾನು ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಆಸೆಗೆ ಬಿದ್ದು ಒಮ್ಮೆಲೇ ನಾಲ್ಕು ಡಬ್ಬಿ ತರಿಸಿದ್ದೆ. ಎರಡು ವರ್ಷವಾದರೂ ಎರಡು ಡಬ್ಬಿ ಒಡೆದಿಲ್ಲ.

ನನ್ನವು 1/72 ಅಳತೆಯವು, ಅಂದರೆ ನಿಜವಾದ ಆಳಿನ ಎಪ್ಪತ್ತೆರಡನೇ ಒಂದು ಪಾಲು. ಎತ್ತರ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್, ಪ್ಲಾಸ್ಟಿಕ್ ಮೆತ್ತಗೆ. 28 ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ಕಿನವೂ ಇವೆ. ಅವು ಚಂದ, ಆದರೆ ಜಾಸ್ತಿ ದುಡ್ಡು. ಕೈ, ತಲೆ ಅಂಟಿಸುವ ಕೆಲಸ ಬೇರೆ.

ಯಾವ ಪಡೆ? 1815ರಲ್ಲಿ ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧ ಆಡುವುದಾದರೆ ಬ್ರಿಟಿಷರ 33ನೇ ರೆಜಿಮೆಂಟ್ ತಗೊಳ್ಳಿ. ಬೇರೆ ರೆಜಿಮೆಂಟುಗಳ ಕಾಲರ್, ತೋಳಿನ ಪಟ್ಟಿಗೆ ಹಳದಿ, ಹಸಿರು ಅಂತ ಬೇರೆ ಬಣ್ಣ ಬೇಕು. ಇವರದು ಅದೂ ಕೆಂಪೇ. ಅರ್ಧ ಕೆಲಸ ತಪ್ಪಿತು ಅಲ್ವಾ? ಇದು ವಾಟರ್‌ಲೂನಲ್ಲಿ ಬ್ರಿಟಿಷರ ಸೇನಾಪತಿಯಾಗಿದ್ದ ವೆಲ್ಲೆಸ್ಲಿಯ ಸ್ವಂತ ರೆಜಿಮೆಂಟ್, 1799ರಲ್ಲಿ ಶ್ರೀರಂಗಪಟ್ಟಣದಲ್ಲೂ ಇತ್ತು. ಮರುವರ್ಷ ಬ್ರಿಟಿಷರ ವಿರುದ್ಧ ದಂಗೆ ಎದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದು ನಮ್ಮ ಡಂಬಳದ ಕೋಟೆ ಹಿಡಿದವನೂ ಅದೇ ವೆಲ್ಲೆಸ್ಲಿ. 1815ರ ಹೊತ್ತಿಗೆ ಅವನು ಡ್ಯೂಕ್ ಆಫ್ ವೆಲಿಂಗ್ಟನ್.

ಈಗ ಕೆಲಸಕ್ಕೆ ಬನ್ನಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ, ಹಳೆ ಟೂತ್‌ಬ್ರಶ್ಶಿನಿಂದ ಎಲ್ಲರನ್ನೂ ತಿಕ್ಕಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ನಾನು ತೊಳೆಯದೆ ಎನಾಮಲ್ ಬಳಿದಿದ್ದೆ. ಬಂದೂಕು ಒಂದು ಸಲ ಬಾಗಿತು ನೋಡಿ, ಹುರಿದ ಶೇಂಗಾ ಸಿಪ್ಪೆ ಹಾಗೆ ಬಣ್ಣ ಉದುರಿತು. ಅಕ್ರಿಲಿಕ್ಕೇ ಸರಿ, ಅದು ಪ್ಲಾಸ್ಟಿಕ್ ಜೊತೆ ಸ್ವಲ್ಪ ಬಾಗುತ್ತದೆ. ಸೊಟ್ಟಗಾದ ಬಂದೂಕನ್ನು ಬಿಸಿನೀರಲ್ಲಿ ಅದ್ದಿ, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ.

ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಹಚ್ಚಿ. ರಾತ್ರಿಯಿಡೀ ಬಿಡಿ. ಆಮೇಲೆ ಕಂದು ಬಣ್ಣದ ಅಸ್ತರು. ಕಪ್ಪು ಬೇಡ. ಕಪ್ಪಿನ ಮೇಲೆ ಕೆಂಪು ಏಳುವುದಿಲ್ಲ, ಪ್ರೆಸ್ಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಐಸ್‌ಕ್ರೀಮ್ ಕಡ್ಡಿಗೆ ಆರು ಆರು ಜನರನ್ನು ತಾತ್ಕಾಲಿಕವಾಗಿ ಅಂಟಿಸಿ. ಒಬ್ಬನನ್ನು ಪೂರ್ತಿ ಮುಗಿಸಿ ಇನ್ನೊಬ್ಬನಿಗೆ ಹೋಗಬೇಡಿ. 24 ಮುಖ, ಆಮೇಲೆ 24 ಬೂದು ಪ್ಯಾಂಟು, 24 ಕೆಂಪು ಕೋಟು, ಕಪ್ಪು ಟೊಪ್ಪಿಗೆ, ಕಂದು ಬಂದೂಕು. ಎದೆಯ ಮೇಲಿನ ಬಿಳಿ ಅಡ್ಡಪಟ್ಟಿ ಕೊನೆಗೆ, ಸಣ್ಣ ಬ್ರಶ್ಶಿನಲ್ಲಿ, ಉಸಿರು ಹಿಡಿದು. ಕಣ್ಣು ಬರೆಯಲೇ ಬೇಡಿ. ನಾನು ಬರೆಯುತ್ತಾ ಕೂತಿದ್ದಾಗ ಅವ್ವ ಬಂದು, ‘ದೆವ್ವ ನೋಡಿದವರಂಗ ಅದಾವಲ್ಲೋ’ ಅಂದಳು. ನಿಜ. ಟೇಬಲ್ಲಿನ ಮೇಲೆ ಮೂರು ಅಡಿ ದೂರದಿಂದ ನೋಡುವ ಗೊಂಬೆ ಇವು. ಕೊನೆಗೆ ತೆಳು ಕಡುಕಂದು ನೀರನ್ನು ಮೇಲಿಂದ ಹರಿಸಿದರೆ ಮಡಿಕೆಗಳಲ್ಲಿ ನೆರಳು ತಾನೇ ನಿಲ್ಲುತ್ತದೆ. ಅದು ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಶ್.

ಬುಡಕ್ಕೆ ಬೈಂಡಿಂಗಿನ ದಪ್ಪ ಬೋರ್ಡು ಸಾಕು. ಒಂದೊಂದು ತುಂಡಿಗೆ ನಾಲ್ವರು: ಮುಂದೆ ಇಬ್ಬರು, ಹಿಂದೆ ಇಬ್ಬರು. ಬ್ರಿಟಿಷರು ಎರಡು ಸಾಲಾಗಿ ನಿಲ್ಲುತ್ತಿದ್ದರು, ಫ್ರೆಂಚರು ಮೂರು. ಹಾಗಾಗಿ ಆರು ತುಂಡು ಬೇಕು.

ನೆಲದ ವಿಷಯದಲ್ಲಿ ನನ್ನ ಹಾಗೆ ಜಾಣತನ ಮಾಡಬೇಡಿ. ಯುದ್ಧದ ಹಿಂದಿನ ರಾತ್ರಿ ವಾಟರ್‌ಲೂನಲ್ಲಿ ಜೋರು ಮಳೆ. ನೆಲ ಆರಲಿ ಅಂತ ನೆಪೋಲಿಯನ್ ಹೊತ್ತೇರುವ ತನಕ ಕಾದ. ಎರೆ ಹೊಲದಲ್ಲಿ ಮಳೆಯ ಮರುದಿನ ಚಪ್ಪಲಿ ಕಳಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನೂ ನಿಜವಾದ ಕೆಸರೇ ಇರಲಿ ಅಂತ ಬೆಟಗೇರಿ ಕಡೆಯ ಎರೆ ಮಣ್ಣನ್ನೇ ಫೆವಿಕಾಲ್‌ನಲ್ಲಿ ಕಲಸಿ ಮೆತ್ತಿದೆ. ಒಣಗಿದಾಗ ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿತು, ಬೋರ್ಡೂ ಮೇಲೆದ್ದಿತು. ಚಹಾ ಜರಡಿಯಲ್ಲಿ ಸೋಸಿದ ಉಸುಕು ಉದುರಿಸಿ, ಮೇಲೆ ಕಂದು ಬಣ್ಣ ಹಚ್ಚಿ.

ಫ್ರೆಂಚರನ್ನು ಹುಬ್ಬಳ್ಳಿಯ ಗೆಳೆಯನಿಗೆ ವಹಿಸಿದ್ದೇನೆ. ಅವನಿನ್ನೂ ಪ್ಯಾಂಟಿನಲ್ಲೇ ಇದ್ದಾನೆ.