ಗೆಣಸಿನಿಂದ ಪಿಷ್ಟ ಕತ್ತರಿಸುವ ಕಿಣ್ವ ತೆಗೆಯುವುದು ಹೇಗೆ?

ಕೆಂಡದಲ್ಲಿ ನಿಧಾನಕ್ಕೆ ಸುಟ್ಟ ಗೆಣಸು ಹಸಿ ಗೆಣಸಿಗಿಂತ ಸಿಹಿ. ಅದು ಬೀಟಾ-ಅಮೈಲೇಸ್ ಎಂಬ ಕಿಣ್ವದ ಕೆಲಸ. ಬಿಸಿಗೆ ಬೆಂದು ಅಂಟಾದ ಪಿಷ್ಟವನ್ನು, ತಾನು ಕೆಡುವ ಮೊದಲೇ ಅದು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಬಾಲ್ಸ್, ವಾಲ್ಡನ್ ಮತ್ತು ಥಾಂಪ್ಸನ್ ಎಂಬವರು 1948ರಲ್ಲಿ ಇದನ್ನು ಗೆಣಸಿನಿಂದಲೇ ಹರಳಾಗಿ ಪಡೆದರು. ಪಿಷ್ಟದ ಸರಪಳಿ ಎಲ್ಲಿ ಕವಲೊಡೆದಿದೆ ಎಂದು ತಿಳಿಯಲು ಪ್ರಯೋಗಾಲಯಗಳು ಈಗಲೂ ಇದನ್ನು ಬಳಸುತ್ತವೆ. ಇದರ ಕಚ್ಚಾ ರೂಪವನ್ನು ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಯಾವ ಪ್ರೌಢಶಾಲೆಯ ಲ್ಯಾಬಿನಲ್ಲೂ ತೆಗೆಯಬಹುದು.

ಬೇಕಾದದ್ದು ಬಿಳಿ ತಿರುಳಿನ ಬಳ್ಳಿಗೆಣಸು, ಮರಗೆಣಸು ಬೇಡ. ‘ಶ್ರೀ ಕನಕ’ದಂಥ ಕಿತ್ತಳೆ ತಿರುಳಿನ ತಳಿ ತಿನ್ನಲು ಒಳ್ಳೆಯದು, ಇಲ್ಲಿ ಅದರ ಬಣ್ಣ, ಪಿಷ್ಟ ಇದೆಯೆಂದು ತೋರಿಸುವ ಅಯೋಡಿನ್ನಿನ ನೀಲಿ ಬಣ್ಣವನ್ನು ಕಲಸಿಹಾಕುತ್ತದೆ. ಸಿಪ್ಪೆ ತೆಗೆದ 50 ಗ್ರಾಂ ಹಸಿ ಗೆಣಸನ್ನು ತುರಿದು, ಫ್ರಿಜ್ಜಿನಲ್ಲಿ ತಣ್ಣಗಾದ 100 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿಯಲು ಚೆನ್ನ, ಆದರೆ ಅದರಲ್ಲಿ ಏನೇನು ಕರಗಿದೆಯೋ, ಇಲ್ಲಿಗೆ ಬೇಡ. ತಾಮ್ರ, ಹಿತ್ತಾಳೆ ಪಾತ್ರೆಯೂ ಬೇಡ. ಕಿಣ್ವದಲ್ಲಿರುವ ಗಂಧಕದ ಗುಂಪುಗಳಿಗೆ ತಾಮ್ರ ಅಂಟಿಕೊಂಡು ಅದರ ಚುರುಕು ತಗ್ಗಿಸುತ್ತದೆ.

ರಸ ಕಂದಾಗುವುದನ್ನು ತಡೆಯಲು ನಿಂಬೆರಸವನ್ನೋ ವಿಟಮಿನ್ ಸಿ ಮಾತ್ರೆಯನ್ನೋ ಹಾಕುವ ಆಸೆಯಾಗುತ್ತದೆ. ಹಾಕಿದರೆ ಪ್ರಯೋಗವೇ ಕೆಟ್ಟಂತೆ: ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನು ತಾನೇ ಅಳಿಸುತ್ತದೆ, ನೀವು ಅದನ್ನು ಕಿಣ್ವದ ಕೆಲಸವೆಂದು ಬರೆದುಕೊಳ್ಳುತ್ತೀರಿ. ಸ್ವಲ್ಪ ಕಂದಾದರೆ ಆಗಲಿ. ತಣ್ಣಗೆ ಇಟ್ಟು ಬೇಗ ಮುಗಿಸಿ.

ಹಿಂಡಿದ ರಸವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ತಳದಲ್ಲಿ ಬೆಳ್ಳಗೆ ಕೂತದ್ದು ಗೆಣಸಿನದೇ ಪಿಷ್ಟ. ಅದನ್ನು ಕದಡದೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಕಿಣ್ವ ಇರುವುದು ಈ ತಿಳಿಯಲ್ಲಿ. ಅದರಿಂದ 3 ಮಿ.ಲೀ.ಯನ್ನು ಸಣ್ಣ ಪ್ರನಾಳದಲ್ಲಿ ಕುದಿಯುವ ನೀರಿಗಿಳಿಸಿ 10 ನಿಮಿಷ ಇಟ್ಟು ತಣಿಸಿ. ಕಿಣ್ವ ಸತ್ತ ಈ ಭಾಗ ಹೋಲಿಕೆಗೆ.

ಪಿಷ್ಟಕ್ಕೆ ನಮ್ಮೂರಿನ ಕೂವೆಪುಡಿಗಿಂತ (ಆರೋರೂಟ್) ಒಳ್ಳೆಯದು ಹುಡುಕಬೇಕಿಲ್ಲ. 1 ಗ್ರಾಂ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿವ ನೀರಿಗೆ ಹೊಯ್ದು ಒಟ್ಟು 100 ಮಿ.ಲೀ. ಮಾಡಿ, ಪಾರದರ್ಶಕವಾಗುವ ತನಕ ಬೇಯಿಸಿ, 40 ಡಿಗ್ರಿಗೆ ಇಳಿಸಿ. ಹಸಿ ಪಿಷ್ಟದ ಕಾಳುಗಳು ಗಟ್ಟಿಯಾಗಿರುವುದರಿಂದ ಕಿಣ್ವಕ್ಕೆ ಸುಲಭದಲ್ಲಿ ಸಿಗುವುದಿಲ್ಲ; ಬಿಸಿ ಅಂಟಿಗೆ ರಸ ಹೊಯ್ದರೆ ಕಿಣ್ವವೇ ಬೇಯುತ್ತದೆ. ಈ ಕಿಣ್ವಕ್ಕೆ ಪಿಎಚ್ 4.8ರ ಹುಳಿ ಹಿತ. 0.1 ಮೋಲಾರ್ ಅಸಿಟಿಕ್ ಆಮ್ಲ, ಅಷ್ಟೇ ಸಾಂದ್ರತೆಯ ಸೋಡಿಯಂ ಅಸಿಟೇಟ್, ಎರಡನ್ನೂ ಸಮ ಅಳತೆಯಲ್ಲಿ ಬೆರೆಸಿದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಹುಳಿಯ ಮಟ್ಟವನ್ನು ಹಿಡಿದಿಡುವ ಈ ಬೆರಕೆಯೇ ಬಫರ್.

ಎರಡು ಪ್ರನಾಳಗಳಿಗೆ ತಲಾ 5 ಮಿ.ಲೀ. ಅಂಟು, 1 ಮಿ.ಲೀ. ಬಫರ್ ಹಾಕಿ. ಒಂದಕ್ಕೆ 1 ಮಿ.ಲೀ. ಹಸಿ ರಸ, ಇನ್ನೊಂದಕ್ಕೆ ಅಷ್ಟೇ ಕುದಿಸಿದ ರಸ ಸೇರಿಸಿ 40 ಡಿಗ್ರಿ ನೀರಿನಲ್ಲಿಡಿ. 5 ನಿಮಿಷಕ್ಕೊಮ್ಮೆ ಒಂದೊಂದು ಹನಿ ತೆಗೆದು, ಬಿಳಿ ಟೈಲ್ ಮೇಲೆ ತೆಳು ಅಯೋಡಿನ್ ಜೊತೆ ಕೂಡಿಸಿ. ಕುದಿಸಿದ್ದು ನೀಲಿಯಾಗಿಯೇ ಉಳಿಯಬೇಕು. ಹಸಿಯದ್ದು ನೀಲಿಯಿಂದ ನೇರಳೆಯತ್ತ ಸರಿದು ಅಲ್ಲೇ ನಿಲ್ಲುತ್ತದೆ.

ಬಣ್ಣ ಪೂರ್ತಿ ಹೋಗಲಿಲ್ಲವೆಂದು ಹೆಚ್ಚಿನವರು ಇಲ್ಲೇ ಕೈಚೆಲ್ಲುತ್ತಾರೆ. ಆದರೆ ಹಾಗೆ ನಿಲ್ಲುವುದರಿಂದಲೇ ಈ ಕಿಣ್ವಕ್ಕೆ ಬೆಲೆ. ಅದು ಸರಪಳಿಯ ತುದಿಯಿಂದ ಎರಡೆರಡು ಗ್ಲೂಕೋಸ್ ಕತ್ತರಿಸುತ್ತಾ ಬಂದು ಕವಲಿನ ಬಳಿ ನಿಂತುಬಿಡುತ್ತದೆ. ಕವಲೊಡೆದ ಅಮೈಲೋಪೆಕ್ಟಿನ್‌ನಲ್ಲಿ ಸುಮಾರು ಶೇ. 55–60 ಭಾಗ ಮಾತ್ರ ಮಾಲ್ಟೋಸ್ ಆಗುತ್ತದೆ; ಉಳಿದ ಬುಡಕ್ಕೆ ಲಿಮಿಟ್ ಡೆಕ್ಸ್‌ಟ್ರಿನ್ ಎಂದು ಹೆಸರು. ಪಕ್ಕದಲ್ಲೇ ಮೂರು ದಿನ ಮೊಳಕೆಯೊಡೆದ ರಾಗಿಯ ರಸವನ್ನೂ ಇಟ್ಟು ನೋಡಿ. ಅದರ ಆಲ್ಫಾ-ಅಮೈಲೇಸ್ ಸರಪಳಿಯನ್ನು ನಡುವಿನಲ್ಲೇ ತುಂಡರಿಸುವುದರಿಂದ ನೀಲಿ ಬೇಗನೆ ಮಾಯವಾಗುತ್ತದೆ.

ಮಾಲ್ಟೋಸನ್ನು ಬೆನೆಡಿಕ್ಟ್ ಪರೀಕ್ಷೆಯಲ್ಲಿ (ತಾಮ್ರವಿರುವ ನೀಲಿ ದ್ರಾವಣವನ್ನು ಸಕ್ಕರೆ ಕೆಂಪಾಗಿಸುವ ಪರೀಕ್ಷೆ) ಕಾಣಬೇಕೆಂದರೆ ಕಚ್ಚಾ ರಸ ಸಾಲದು. ಗೆಣಸಿನ ಸ್ವಂತ ಸಕ್ಕರೆಯೇ ಇಟ್ಟಿಗೆ ಕೆಂಪು ತೋರಿಸುತ್ತದೆ. ಆಗ ಮಂಜುಗಡ್ಡೆಯ ಮೇಲಿಟ್ಟ 100 ಮಿ.ಲೀ. ತಿಳಿಗೆ 43.6 ಗ್ರಾಂ ಅಮೋನಿಯಂ ಸಲ್ಫೇಟನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸಿದರೆ ಕಿಣ್ವ ಬೇರೆ ಪ್ರೋಟೀನುಗಳ ಜೊತೆ ಒತ್ತರಿಸಿ ಕೆಳಗೆ ಕೂರುತ್ತದೆ. ತೋಟಕ್ಕೆ ಹಾಕುವ ಗೊಬ್ಬರದ ಸಲ್ಫೇಟ್ ಬೇಡ, ಅದು ಶುದ್ಧವಲ್ಲ. ಕೂತದ್ದನ್ನು ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿ, ಸ್ವಲ್ಪ ಬಫರಿನಲ್ಲಿ ಕರಗಿಸಿ, ಉಪ್ಪು, ಸಕ್ಕರೆಯನ್ನು ಹೊರಬಿಟ್ಟು ಕಿಣ್ವವನ್ನು ಒಳಗೇ ಉಳಿಸುವ ಡಯಾಲಿಸಿಸ್ ಕೊಳವೆಯಲ್ಲಿ ಕಟ್ಟಿ, ತಣ್ಣನೆಯ ಬಫರಿನಲ್ಲಿ ರಾತ್ರಿಯಿಡೀ ಮುಳುಗಿಸಿ, ನಡುವೆ ಎರಡು ಸಲ ಬಫರ್ ಬದಲಿಸಿ. ಸಲ್ಫೇಟ್ ಉಳಿದರೆ ಅಮೋನಿಯಾ ತಾಮ್ರವನ್ನು ಕಟ್ಟಿಹಾಕಿ ಬೆನೆಡಿಕ್ಟ್ ದ್ರಾವಣವನ್ನು ಕಡುನೀಲಿಯಾಗಿಯೇ ಇಡುತ್ತದೆ, ಸಕ್ಕರೆ ಇದ್ದರೂ ಇಲ್ಲವೆಂದು ತೋರಬಹುದು. ಸೆಂಟ್ರಿಫ್ಯೂಜ್ ಇಲ್ಲದ ಶಾಲೆಗಳು ಅಯೋಡಿನ್ನಿನಲ್ಲೇ ನಿಲ್ಲಿಸುವುದು ಲೇಸು.